ವಿಡಿಯೊ ಡ್ರೈವರ್ ದೋಷ: ಕ್ರ್ಯಾಶ್‌ಗಳ ಪತ್ತೆ ಮತ್ತು ಪರಿಹಾರ

ವಿಡಿಯೊ ಡ್ರೈವರ್ ದೋಷ ಎಂದರೆ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶದಲ್ಲಿರುವ ತಪ್ಪು, ಅಥವಾ ಆ ತಂತ್ರಾಂಶಕ್ಕೂ ಆಪರೇಟಿಂಗ್ ಸಿಸ್ಟಂ, ಆ್ಯಪ್ ಇಲ್ಲವೇ ಯಂತ್ರಾಂಶಕ್ಕೂ ಹೊಂದಿಕೆಯಾಗದಿರುವುದು. ಇದರಿಂದ ಆ್ಯಪ್‌ಗಳು ಹಠಾತ್ತಾಗಿ ಮುಚ್ಚಿಕೊಳ್ಳುತ್ತವೆ, ಪರದೆ ಕ್ಷಣಕಾಲ ಕಪ್ಪಾಗುತ್ತದೆ, ಕೆಲವೊಮ್ಮೆ ಇಡೀ ಕಂಪ್ಯೂಟರೇ ನಿಂತು ಮರುಚಾಲನೆಗೊಳ್ಳುತ್ತದೆ. ಆಟಗಳು, ವಿಡಿಯೊ ಸಂಪಾದನೆ ಮತ್ತು ಎಂಜಿನಿಯರಿಂಗ್ ನಕ್ಷೆಯ ತಂತ್ರಾಂಶಗಳು ಈ ದೋಷಕ್ಕೆ ಹೆಚ್ಚು ಒಳಗಾಗುತ್ತವೆ. ಬ್ರೌಸರ್‌ಗಳೂ ಕಚೇರಿ ತಂತ್ರಾಂಶಗಳೂ ಗ್ರಾಫಿಕ್ಸ್ ಚಿಪ್ಪನ್ನು ಬಳಸತೊಡಗಿದ ಮೇಲೆ ಸಾಮಾನ್ಯ ಬಳಕೆಯಲ್ಲೂ ಇದು ಕಾಣಿಸುತ್ತದೆ.

ಪರಿಭಾಷೆ

ಗ್ರಾಫಿಕ್ಸ್ ಚಿಪ್ಪನ್ನು ಇಲ್ಲಿ ಜಿಪಿಯು ಎಂದು, ಕಂಪ್ಯೂಟರಿನ ಮುಖ್ಯ ಸಂಸ್ಕಾರಕವನ್ನು ಸಿಪಿಯು ಎಂದು ಕರೆಯಲಾಗಿದೆ. ವಿಡಿಯೊ ಡ್ರೈವರ್, ಗ್ರಾಫಿಕ್ಸ್ ಡ್ರೈವರ್, ಡಿಸ್‌ಪ್ಲೇ ಡ್ರೈವರ್ ಎಂಬ ಮೂರೂ ಹೆಸರುಗಳು ಒಂದೇ ತಂತ್ರಾಂಶವನ್ನು ಸೂಚಿಸುತ್ತವೆ. ಚಲನಚಿತ್ರದ ಕಡತಗಳನ್ನು ತೆರೆಯಲು ಬೇಕಾಗುವ ಕೋಡೆಕ್ ಇದರಿಂದ ಬೇರೆಯಾದದ್ದು. ಓಡುತ್ತಿದ್ದ ತಂತ್ರಾಂಶ ಬಳಕೆದಾರರು ಹೇಳದೆಯೇ ಕೊನೆಗೊಂಡರೆ ಅದು ಕ್ರ್ಯಾಶ್; ಕೊನೆಗೊಳ್ಳದೆ, ಮುಂದಕ್ಕೂ ಹೋಗದೆ ಸ್ತಬ್ಧವಾದರೆ ಅದು ಹ್ಯಾಂಗ್. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾಗಿ ಯಂತ್ರಾಂಶದ ಮೇಲೆ ಪೂರ್ಣ ಅಧಿಕಾರ ಹೊಂದಿರುವ ಭಾಗ ಕರ್ನೆಲ್.

ಹುಟ್ಟು ಮತ್ತು ಬೆಳವಣಿಗೆ

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಎಂಡಿಎ ಮತ್ತು ಸಿಜಿಎ ಎಂಬ ಎರಡು ಬಗೆಯ ಪ್ರದರ್ಶಕ ಕಾರ್ಡುಗಳಿದ್ದವು. ಆ ಕಾಲದ ತಂತ್ರಾಂಶಗಳು ಪರದೆಯ ಸ್ಮೃತಿಗೆ ನೇರವಾಗಿ ಬರೆಯುತ್ತಿದ್ದುದರಿಂದ ಎಲ್ಲಕ್ಕೂ ಸಾಮಾನ್ಯವಾದ ಡ್ರೈವರ್ ಬೇಕಾಗುತ್ತಿರಲಿಲ್ಲ. 1987ರಲ್ಲಿ ಐಬಿಎಂ ವಿಜಿಎ ಮಾನಕವನ್ನು ತಂದಿತು. ಬೇರೆ ಬೇರೆ ಕಂಪನಿಗಳು ಅದನ್ನು ತಮ್ಮದೇ ರೀತಿಯಲ್ಲಿ ವಿಸ್ತರಿಸಿದವು. ಹಾಗಾಗಿ ಡಾಸ್‌ನಲ್ಲಿ ಓಡುವ ಪ್ರತಿಯೊಂದು ದೊಡ್ಡ ತಂತ್ರಾಂಶವೂ ಪ್ರತಿಯೊಂದು ಕಾರ್ಡಿಗೂ ಪ್ರತ್ಯೇಕ ಡ್ರೈವರ್ ಜೊತೆಗಿಟ್ಟುಕೊಳ್ಳಬೇಕಾಯಿತು. ಈ ಗೊಂದಲಕ್ಕೆ ತಡೆ ಹಾಕಲು 1989ರಲ್ಲಿ ವೆಸಾ ಸಂಘಟನೆ ರೂಪುಗೊಂಡಿತು. ವಿಂಡೋಸ್ ವ್ಯಾಪಕವಾದಾಗ ಡ್ರೈವರ್ ಬರೆಯುವ ಹೊಣೆ ಆ್ಯಪ್‌ಗಳಿಂದ ಕಾರ್ಡ್ ತಯಾರಕರಿಗೆ ದಾಟಿತು; ಒಂದು ಕಾರ್ಡಿಗೆ ಒಂದು ಡ್ರೈವರ್ ಇದ್ದರೆ ಎಲ್ಲ ಆ್ಯಪ್‌ಗಳಿಗೂ ಸಾಕಾಯಿತು. ಅದರಲ್ಲಿ ತಪ್ಪಿದ್ದರೆ ಎಲ್ಲ ಆ್ಯಪ್‌ಗಳಿಗೂ ತಟ್ಟುವುದು ಆಗಿನಿಂದಲೇ ಆರಂಭ.

ಕ್ರ್ಯಾಶ್‌ಗಳ ಇತಿಹಾಸದಲ್ಲಿ ನಿರ್ಣಾಯಕ ವರ್ಷ 1996. 1993ರ ವಿಂಡೋಸ್ ಎನ್‌ಟಿ 3.1 ಮತ್ತು ಅದರ ನಂತರದ 3.5 ಆವೃತ್ತಿಗಳಲ್ಲಿ ಚಿತ್ರ ಬಿಡಿಸುವ ಕೆಲಸದ ಬಹುಭಾಗ ಕರ್ನೆಲ್‌ನ ಹೊರಗೆ, ಪ್ರತ್ಯೇಕ ಪ್ರಕ್ರಿಯೆಯಾಗಿ ನಡೆಯುತ್ತಿತ್ತು. ವೇಗ ಸಾಲದೆಂದು 1996ರ ಎನ್‌ಟಿ 4.0ರಲ್ಲಿ ಮೈಕ್ರೋಸಾಫ್ಟ್ ಆ ಕೆಲಸವನ್ನೂ ಅದರೊಂದಿಗೆ ಡಿಸ್‌ಪ್ಲೇ ಡ್ರೈವರನ್ನೂ ಕರ್ನೆಲ್‌ನೊಳಕ್ಕೆ ತಂದಿತು. ವೇಗ ಹೆಚ್ಚಿತು. ಆದರೆ ಡ್ರೈವರ್ ಒಂದು ತಪ್ಪು ವಿಳಾಸಕ್ಕೆ ಬರೆದರೂ ಇಡೀ ಯಂತ್ರ ನೀಲಿ ಪರದೆ ತೋರಿಸಿ ನಿಲ್ಲುವಂತಾಯಿತು. ಅದೇ ವರ್ಷ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡು ಮತ್ತು ಆ್ಯಪ್‌ಗಳು ಮೂರು ಆಯಾಮದ ಚಿತ್ರಗಳಿಗೆ ಆದೇಶ ನೀಡಲು ಬಳಸುವ ಮೈಕ್ರೋಸಾಫ್ಟಿನ ಡೈರೆಕ್ಟ್‌ತ್ರೀಡಿ ಬಂದವು. 1999ರಲ್ಲಿ ಎನ್‌ವಿಡಿಯಾ ತನ್ನ ಜಿಫೋರ್ಸ್ 256 ಚಿಪ್ಪನ್ನು ಜಿಪಿಯು ಎಂಬ ಹೆಸರಿನಲ್ಲಿ ಮಾರಿತು. ಮೂರು ಆಯಾಮದ ಚಿತ್ರಗಳ ಬೇಡಿಕೆಯೊಂದಿಗೆ ಡ್ರೈವರುಗಳ ಗಾತ್ರವೂ ಸಂಕೀರ್ಣತೆಯೂ ಏರುತ್ತ ಹೋದವು.

ಡ್ರೈವರುಗಳು ಕರ್ನೆಲ್‌ನ ಅತ್ಯಂತ ದುರ್ಬಲ ಭಾಗವೆಂಬುದು ಈ ಅವಧಿಯಲ್ಲಿ ಅಧ್ಯಯನಗಳಿಂದಲೂ ಸ್ಥಾಪಿತವಾಯಿತು. 2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಕರ್ನೆಲ್ಲನ್ನು ಪರಿಶೀಲಿಸಿದರು. ಎಲ್ಲ ಬಗೆಯ ಯಂತ್ರಾಂಶಗಳ ಡ್ರೈವರುಗಳನ್ನು ಒಟ್ಟಾಗಿ ನೋಡಿದಾಗ, ಅವುಗಳಲ್ಲಿನ ತಪ್ಪುಗಳ ಪ್ರಮಾಣ ಕರ್ನೆಲ್‌ನ ಉಳಿದ ಭಾಗಕ್ಕಿಂತ ಮೂರರಿಂದ ಏಳು ಪಟ್ಟು ಹೆಚ್ಚಿರಬಹುದೆಂದು ಅವರು ತೋರಿಸಿದರು.

2007ರ ಜನವರಿಯಲ್ಲಿ ಸಾರ್ವಜನಿಕರಿಗೆ ದೊರೆತ ವಿಂಡೋಸ್ ವಿಸ್ಟಾ ಡಬ್ಲ್ಯುಡಿಡಿಎಂ ಎಂಬ ಹೊಸ ಡ್ರೈವರ್ ಮಾದರಿಯನ್ನು ತಂದಿತು. ಇಂದಿನ ವಿಂಡೋಸ್‌ಗೂ ಇದೇ ಅಡಿಪಾಯ. ಮಾದರಿ ಒಳ್ಳೆಯದಾಗಿದ್ದರೂ ತಯಾರಕರು ತಮ್ಮ ಡ್ರೈವರುಗಳನ್ನು ಹೊಸದಾಗಿ ಬರೆಯಬೇಕಾದುದರಿಂದ ಮೊದಲ ತಿಂಗಳುಗಳಲ್ಲಿ ಕ್ರ್ಯಾಶ್‌ಗಳು ಹೇರಳವಾಗಿದ್ದವು. ವಿಸ್ಟಾ ಕುರಿತ ಅಮೆರಿಕದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಬಹಿರಂಗವಾದ ಮೈಕ್ರೋಸಾಫ್ಟ್ ದಾಖಲೆಗಳ ಪ್ರಕಾರ, 2007ರಲ್ಲಿ ದಾಖಲಾದ ವಿಸ್ಟಾ ಕ್ರ್ಯಾಶ್‌ಗಳಲ್ಲಿ ಶೇ 28.8ರಷ್ಟಕ್ಕೆ ಎನ್‌ವಿಡಿಯಾ ಡ್ರೈವರುಗಳು ಕಾರಣವಾಗಿದ್ದವು. ಎಎಂಡಿಗೆ ಸೇರಿದ ಎಟಿಐ ಪಾಲು ಶೇ 9.3.

ರಚನೆ

ಆಧುನಿಕ ವಿಡಿಯೊ ಡ್ರೈವರ್ ಎರಡು ಭಾಗಗಳಾಗಿ ಇರುತ್ತದೆ. ಯಾವ ಭಾಗ ಮುರಿದುಬಿತ್ತು ಎಂಬುದರ ಮೇಲೆ ಕ್ರ್ಯಾಶ್‌ನ ಸ್ವರೂಪ ನಿಂತಿರುವುದರಿಂದ ಈ ವಿಭಜನೆ ತಿಳಿಯದೆ ಪತ್ತೆ ಕಾರ್ಯ ಸಾಧ್ಯವಿಲ್ಲ.

ಮೊದಲನೆಯದು ಬಳಕೆದಾರ ಸ್ತರದ ಡ್ರೈವರ್. ಇದು ಆ್ಯಪ್‌ನ ಪ್ರಕ್ರಿಯೆಯೊಳಗೇ ಲೋಡ್ ಆಗಿ, ಡೈರೆಕ್ಟ್‌ತ್ರೀಡಿ, ಓಪನ್‌ಜಿಎಲ್ ಅಥವಾ ವಲ್ಕನ್ ಮೂಲಕ ಆ್ಯಪ್ ನೀಡುವ ಆದೇಶಗಳನ್ನು ಜಿಪಿಯು ಭಾಷೆಗೆ ಬದಲಿಸುತ್ತದೆ. ಬೆಳಕು, ನೆರಳು, ಬಣ್ಣಗಳ ಲೆಕ್ಕ ಹಾಕುವ ಶೇಡರ್ ಎಂಬ ಕಿರು ಪ್ರೋಗ್ರಾಂಗಳನ್ನು ಕಂಪೈಲ್ ಮಾಡುವುದೂ ಇದರ ಕೆಲಸ. ಹೀಗಾಗಿ ಪ್ರತಿಯೊಂದು ವಿಡಿಯೊ ಡ್ರೈವರ್‌ನಲ್ಲೂ ಒಂದು ಪೂರ್ಣ ಪ್ರಮಾಣದ ಕಂಪೈಲರ್ ಇದೆ. ದೋಷಗಳು ಹುಟ್ಟುವ ದೊಡ್ಡ ತಾಣ ಅದು. ಈ ಸ್ತರದಲ್ಲಿ ತಪ್ಪಾದರೆ ಸಾಮಾನ್ಯವಾಗಿ ಆ ಆ್ಯಪ್ ಮಾತ್ರ ಮುಚ್ಚಿಕೊಳ್ಳುತ್ತದೆ, ಉಳಿದವು ಓಡುತ್ತಿರುತ್ತವೆ. ವಿಂಡೋಸ್‌ನಲ್ಲಿ ಎನ್‌ವಿಡಿಯಾದ ಓಪನ್‌ಜಿಎಲ್ ಭಾಗ ಎನ್‌ವಿಒಜಿಎಲ್‌ವಿ64.ಡಿಎಲ್‌ಎಲ್ ಎಂಬ ಕಡತದಲ್ಲಿದೆ. ಇತರ ತಯಾರಕರ ಡಿಎಲ್‌ಎಲ್ ಕಡತಗಳ ಹೆಸರೂ ಹೀಗೆಯೇ ತಯಾರಕರ ಗುರುತಿನಿಂದ ಆರಂಭವಾಗುತ್ತವೆ: ಎಎಂಡಿಗೆ ಎಟಿಐ ಅಥವಾ ಎಎಂಡಿ, ಇಂಟೆಲ್‌ಗೆ ಐಜಿ.

ಎರಡನೆಯದು ಕರ್ನೆಲ್ ಸ್ತರದ ಡ್ರೈವರ್. ಜಿಪಿಯು ಸ್ಮೃತಿಯ ಹಂಚಿಕೆ, ಕೆಲಸಗಳ ಸರದಿ, ವಿದ್ಯುತ್ ನಿಯಂತ್ರಣ, ಪರದೆಗಳ ಜೋಡಣೆ ಇದರ ಪಾಲಿಗೆ ಬರುತ್ತವೆ. ಎನ್‌ವಿಡಿಯಾದಲ್ಲಿ ಇದರ ಹೆಸರು ಎನ್‌ವಿಎಲ್‌ಡಿಡಿಎಂಕೆಎಂ.ಎಸ್‌ವೈಎಸ್; ಎಎಂಡಿಯಲ್ಲಿ ಹಿಂದೆ ಎಟಿಐಕೆಎಂಡಿಎಜಿ.ಎಸ್‌ವೈಎಸ್, ಈಗ ಎಎಂಡಿಕೆಎಂಡಿಎಜಿ.ಎಸ್‌ವೈಎಸ್, ಇಂಟೆಲ್‌ನಲ್ಲಿ ಐಜಿಡಿಕೆಎಂಡಿ64.ಎಸ್‌ವೈಎಸ್ ಅಥವಾ ಅದಕ್ಕೆ ಹತ್ತಿರದ ಹೆಸರು. ಇಲ್ಲಿ ತಪ್ಪಾದರೆ ವ್ಯವಸ್ಥೆಯೇ ಕುಸಿಯುವ ಅಪಾಯವಿದೆ. ಡಬ್ಲ್ಯುಡಿಡಿಎಂನ ಉದ್ದೇಶವೇ ಸಾಧ್ಯವಾದಷ್ಟು ಕೆಲಸವನ್ನು ಮೊದಲ ಭಾಗಕ್ಕೆ ವರ್ಗಾಯಿಸಿ ಈ ಎರಡನೆಯ ಭಾಗವನ್ನು ಚಿಕ್ಕದಾಗಿಸುವುದಾಗಿತ್ತು.

ಕಾಲಮಿತಿ ಪತ್ತೆ ಮತ್ತು ಚೇತರಿಕೆ

ವಿಸ್ಟಾದೊಂದಿಗೆ ಬಂದ ಇನ್ನೊಂದು ವ್ಯವಸ್ಥೆ ಟಿಡಿಆರ್ ಎಂಬ ಸಂಕ್ಷಿಪ್ತ ಹೆಸರಿನ ಕಾಲಮಿತಿ ಪತ್ತೆ ಮತ್ತು ಚೇತರಿಕೆ. ಬಳಕೆದಾರರು ನೋಡುವ ಬಹುಪಾಲು ಗ್ರಾಫಿಕ್ಸ್ ಕ್ರ್ಯಾಶ್‌ಗಳು ಇದರ ಮೂಲಕವೇ ಪ್ರಕಟವಾಗುತ್ತವೆ. ಜಿಪಿಯು ಹಿಡಿದ ಕೆಲಸವನ್ನು ಬಿಟ್ಟುಕೊಡುವಂತೆ ವಿಂಡೋಸ್ ಕೇಳಿದಾಗ, ಅದು 2 ಸೆಕೆಂಡಿನೊಳಗೆ ಕೆಲಸ ಮುಗಿಸಬೇಕು ಅಥವಾ ಬಿಟ್ಟುಕೊಡಬೇಕು. ಎರಡೂ ಆಗದಿದ್ದರೆ ಜಿಪಿಯು ಸ್ತಬ್ಧವಾಗಿದೆಯೆಂದು ವಿಂಡೋಸ್ ತೀರ್ಮಾನಿಸಿ ಕರ್ನೆಲ್ ಡ್ರೈವರನ್ನು ಹೊಸದಾಗಿ ಆರಂಭಿಸುತ್ತದೆ. ಪರದೆ ಕಪ್ಪಾಗಿ ಮತ್ತೆ ಬೆಳಗುವುದು ಆಗಲೇ. ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಅರ್ಥದ ಟಿಪ್ಪಣಿ ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯಡಿ ದಾಖಲಾಗುತ್ತದೆ.

ವ್ಯವಸ್ಥೆ ಚೇತರಿಸಿಕೊಂಡರೂ ಆ್ಯಪ್ ಉಳಿಯುತ್ತದೆಂಬ ಭರವಸೆಯಿಲ್ಲ. ಜಿಪಿಯು ಸ್ಮೃತಿಯಲ್ಲಿದ್ದ ಅದರ ಚಿತ್ರಗಳೂ ದತ್ತಾಂಶವೂ ಅಳಿಸಿಹೋಗಿರುತ್ತವೆ. ಸಾಧನ ಕಳೆದುಹೋಗಿದೆ ಎಂಬ ಸಂಕೇತ ಅದಕ್ಕೆ ಬರುತ್ತದೆ. ಡೈರೆಕ್ಟ್‌ತ್ರೀಡಿಯನ್ನು ಒಳಗೊಂಡ ಡೈರೆಕ್ಟ್‌ಎಕ್ಸ್‌ನಲ್ಲಿ ಇದು 887ಎ0005 ಅಥವಾ 887ಎ0006 ಎಂಬ ಹೆಕ್ಸಾಡೆಸಿಮಲ್ ಸಂಖ್ಯೆ. ಈ ಸಂಕೇತವನ್ನು ನಿಭಾಯಿಸಲು ಬರೆದ ಆ್ಯಪ್ ಎಲ್ಲವನ್ನೂ ಮತ್ತೆ ಸೃಷ್ಟಿಸಿಕೊಂಡು ಮುಂದುವರಿಯುತ್ತದೆ. ಅನೇಕ ಆಟಗಳು ಹಾಗೆ ಮಾಡದೆ ಮುಚ್ಚಿಕೊಳ್ಳುತ್ತವೆ. 60 ಸೆಕೆಂಡಿನೊಳಗೆ ಇಂಥ ಮರುಚಾಲನೆ 5ಕ್ಕಿಂತ ಹೆಚ್ಚು ಬಾರಿ ಬೇಕಾದರೆ, ಅಥವಾ ಡ್ರೈವರ್ ಮತ್ತೆ ಏಳದಿದ್ದರೆ, ವಿಂಡೋಸ್ 116 ಸಂಖ್ಯೆಯ ನಿಲುಗಡೆ ಸಂಕೇತದೊಂದಿಗೆ ತಾನೇ ನಿಲ್ಲುತ್ತದೆ. ದಶಕಗಳ ಕಾಲ ನೀಲಿಯಾಗಿದ್ದ ಈ ನಿಲುಗಡೆ ಪರದೆ ವಿಂಡೋಸ್ 11ರಲ್ಲಿ 2025ರಿಂದ ಕಪ್ಪು ಬಣ್ಣದ್ದಾಗಿದೆ. ಹಾಗಾಗಿ ಕಪ್ಪು ಪರದೆ ಎಂಬ ದೂರು ಬಂದಾಗ ಅದರ ಮೇಲೆ ಅಕ್ಷರಗಳಿದ್ದವೇ ಎಂದು ಕೇಳಿ ತಿಳಿಯಬೇಕಾಗುತ್ತದೆ.

ದೋಷದ ಬಗೆಗಳು

ಸ್ಮೃತಿಯ ತಪ್ಪು ಬಳಕೆ, ಶೇಡರ್ ಕಂಪೈಲರ್‌ನ ತಪ್ಪು ಅನುವಾದ, ವಿದ್ಯುತ್ ಸ್ಥಿತಿ ಬದಲಾಯಿಸುವಾಗಿನ ಎಡವಟ್ಟು, ಹಲವು ಪರದೆಗಳ ಜೋಡಣೆಯಲ್ಲಿನ ಲೋಪ ಇವು ಡ್ರೈವರ್‌ನೊಳಗಿನ ಮುಖ್ಯ ದೋಷಗಳು. ಅನುಸ್ಥಾಪನೆಯಲ್ಲಿ ಹುಟ್ಟುವ ದೋಷಗಳು ಇನ್ನೊಂದು ಗುಂಪು: ಹಳೆಯ ಆವೃತ್ತಿಯ ಕಡತಗಳು ಹೊಸದರೊಂದಿಗೆ ಬೆರೆತು ಉಳಿಯುವುದು, ವಿಂಡೋಸ್ ಅಪ್‌ಡೇಟ್ ಬಳಕೆದಾರರಿಗೆ ತಿಳಿಯದಂತೆ ಬೇರೆ ಆವೃತ್ತಿ ಹಾಕುವುದು, ಹಳೆಯ ಶೇಡರ್ ಕ್ಯಾಶ್ ಕೆಟ್ಟಿರುವುದು.

ಬಿಡುಗಡೆಯಾದ ಡ್ರೈವರನ್ನೇ ಹಿಂಪಡೆದ ಅಥವಾ ತುರ್ತಾಗಿ ತಿದ್ದಿದ ನಿದರ್ಶನಗಳಿವೆ. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ತನ್ನ 196.75 ಆವೃತ್ತಿಯನ್ನು ಹಿಂಪಡೆಯಿತು. ಅದರಿಂದ ಕೆಲವು ಕಾರ್ಡುಗಳ ಫ್ಯಾನ್ ಸರಿಯಾಗಿ ತಿರುಗದೆ ಚಿಪ್ ಕಾಯುತ್ತಿತ್ತು. 2015ರ ನವೆಂಬರ್‌ನಲ್ಲಿ ಎಎಂಡಿಯ ಕ್ರಿಮ್ಸನ್ ಡ್ರೈವರ್‌ನಲ್ಲೂ ಫ್ಯಾನ್ ವೇಗ ಕಡಿಮೆ ಮಟ್ಟದಲ್ಲೇ ಸಿಕ್ಕಿಕೊಳ್ಳುವ ದೋಷ ಕಂಡು, ಬೇಗನೆ ತಿದ್ದುಪಡಿ ಬಂತು. 2023ರ ಅಕ್ಟೋಬರ್‌ನಲ್ಲಿ ಎಎಂಡಿ ಬೇರೆಯೇ ಬಗೆಯ ಸಮಸ್ಯೆ ಎದುರಿಸಿತು: ಅದರ ಡ್ರೈವರ್‌ನ ಆ್ಯಂಟಿ-ಲ್ಯಾಗ್ ಪ್ಲಸ್ ಸೌಲಭ್ಯ ಆಟದ ಡಿಎಲ್‌ಎಲ್‌ಗಳೊಳಗೆ ಕೈಹಾಕುತ್ತಿದ್ದುದರಿಂದ ಕೌಂಟರ್-ಸ್ಟ್ರೈಕ್ 2ರ ಮೋಸ ತಡೆ ವ್ಯವಸ್ಥೆ ಅದನ್ನು ಕಳ್ಳಾಟವೆಂದು ಭಾವಿಸಿ ಆಟಗಾರರನ್ನು ನಿಷೇಧಿಸಿತು. ಆ ಡ್ರೈವರನ್ನು ಹಿಂಪಡೆಯಲಾಯಿತು. 2025ರ ಆರಂಭದಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳೊಂದಿಗೆ ಬಂದ 572 ಶ್ರೇಣಿಯ ಡ್ರೈವರುಗಳಲ್ಲಿ ಕಪ್ಪು ಪರದೆಯ ತೊಂದರೆ ಕಾಣಿಸಿ, ಒಂದರ ಹಿಂದೊಂದು ಹಾಟ್‌ಫಿಕ್ಸ್‌ಗಳನ್ನು ಹೊರಡಿಸಬೇಕಾಯಿತು.

ಲಕ್ಷಣಗಳು

ಆ್ಯಪ್ ಸದ್ದಿಲ್ಲದೆ ಮುಚ್ಚಿಕೊಳ್ಳುವುದು, ಪರದೆ ಮಿನುಗಿ ಮರಳುವುದು, ಚೌಕಗಳೂ ಬಣ್ಣದ ಪಟ್ಟಿಗಳೂ ಮೂಡುವುದು, ನಿದ್ರಾಸ್ಥಿತಿಯಿಂದ ಎದ್ದ ಮೇಲೆ ಪರದೆ ಬಾರದಿರುವುದು, ಡಿವೈಸ್ ಮ್ಯಾನೇಜರ್‌ನಲ್ಲಿ ಜಿಪಿಯು ಎದುರು 43ನೇ ಸಂಕೇತದ ಹಳದಿ ಗುರುತು ಕಾಣುವುದು ಸಾಮಾನ್ಯ ಲಕ್ಷಣಗಳು. ಚಿತ್ರ ಸ್ತಬ್ಧವಾಗಿದ್ದರೂ ಧ್ವನಿ ಮುಂದುವರಿಯುತ್ತಿದ್ದರೆ ಜಿಪಿಯು ಮಾತ್ರ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಧ್ವನಿಯೂ ಒಂದೇ ಸ್ವರದಲ್ಲಿ ಕೊರೆಯುತ್ತ ನಿಂತರೆ ಇಡೀ ಯಂತ್ರ ನಿಂತಿದೆ.

ಕನ್ನಡ ಬಳಕೆದಾರರಿಗೆ ಸಂಬಂಧಿಸಿದ ಒಂದು ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಒತ್ತಕ್ಷರಗಳು ಒಡೆದು ಕಾಣುವುದು, ಸ್ವರಚಿಹ್ನೆಯೊಂದಿಗೆ ಚುಕ್ಕೆಗಳ ವೃತ್ತ ಮೂಡುವುದು ವಿಡಿಯೊ ಡ್ರೈವರ್‌ನ ದೋಷವಲ್ಲ. ವ್ಯಂಜನ, ಒತ್ತು, ಸ್ವರಚಿಹ್ನೆಗಳನ್ನು ಕೂಡಿಸಿ ಅಕ್ಷರವಾಗಿಸುವ ಕೆಲಸವನ್ನು ಹಾರ್ಫ್‌ಬಜ್, ಡೈರೆಕ್ಟ್‌ರೈಟ್‌ನಂಥ ತಂತ್ರಾಂಶಗಳು ಸಿಪಿಯುನಲ್ಲಿ ಮಾಡುತ್ತವೆ. ಅಲ್ಲಿ ತಪ್ಪಿದ್ದರೆ ಫಾಂಟ್ ಅಥವಾ ಆ್ಯಪ್ ನೋಡಬೇಕು. ಜಿಪಿಯು ಹಂತಕ್ಕೆ ಬರುವಾಗ ಅಕ್ಷರಗಳು ಸಿದ್ಧ ಚಿತ್ರಗಳಾಗಿರುತ್ತವೆ. ಕನ್ನಡ, ಇಂಗ್ಲಿಷ್ ಎನ್ನದೆ ಎಲ್ಲ ಲಿಪಿಯ ಅಕ್ಷರಗಳೂ ಒಟ್ಟಿಗೆ ಕದಡಿಹೋದರೆ, ಕಪ್ಪು ಚೌಕಗಳಾದರೆ, ಆಗ ಡ್ರೈವರನ್ನು ಶಂಕಿಸಲು ಕಾರಣವಿದೆ.

ಪತ್ತೆಯ ಕ್ರಮ

ಪತ್ತೆ ಆರಂಭವಾಗುವುದು ಕಾಲದಿಂದ. ಕ್ರ್ಯಾಶ್‌ಗಳು ಯಾವಾಗ ಶುರುವಾದವು, ಅದಕ್ಕೂ ಮುಂಚಿನ ದಿನಗಳಲ್ಲಿ ಏನು ಬದಲಾಯಿತು ಎಂಬುದನ್ನು ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ದಿನವಾರು ತೋರಿಸುತ್ತದೆ. ವಿಂಡೋಸ್ ಅಪ್‌ಡೇಟ್ ತಾನಾಗಿ ಹಾಕಿದ ಡ್ರೈವರುಗಳೂ ಅಲ್ಲಿ ಕಾಣುತ್ತವೆ. ನೆನಪಿಗಿಂತ ಈ ದಾಖಲೆ ಹೆಚ್ಚು ನಂಬಿಕೆಗೆ ಅರ್ಹ.

ಮುಂದಿನದು ವ್ಯಾಪ್ತಿ. ಒಂದೇ ಆ್ಯಪ್ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಆ ಆ್ಯಪ್‌ನ ತಪ್ಪು, ಇಲ್ಲವೇ ಆ ಆ್ಯಪ್ ಬಳಸುವ ನಿರ್ದಿಷ್ಟ ಶೇಡರ್‌ಗೆ ಸಂಬಂಧಿಸಿದ ಡ್ರೈವರ್ ತಪ್ಪು ಇರುವ ಸಾಧ್ಯತೆ. ಸಂಬಂಧವಿಲ್ಲದ ಹಲವು ಆ್ಯಪ್‌ಗಳು ಯಾವಾಗೆಂದರೆ ಆವಾಗ ಬೀಳುತ್ತಿದ್ದರೆ ಡ್ರೈವರ್ ಅಥವಾ ಯಂತ್ರಾಂಶ ಕಾರಣ.

ಮೂರನೆಯದು ದಾಖಲೆಗಳ ಓದು. ಆ್ಯಪ್ ಬಿದ್ದಾಗ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ವಿಭಾಗದಲ್ಲಿ 1000 ಸಂಖ್ಯೆಯ ನಮೂದು ಬರುತ್ತದೆ. ಬಿದ್ದ ಆ್ಯಪ್‌ನ ಹೆಸರು, ಯಾವ ಕಡತದೊಳಗೆ ಬಿತ್ತು ಎಂಬ ವಿವರ, ಕಾರಣದ ಸಂಕೇತ ಅದರಲ್ಲಿರುತ್ತವೆ. ಸಿ0000005 ಎಂಬ ಸಂಕೇತಕ್ಕೆ ತನ್ನದಲ್ಲದ ಸ್ಮೃತಿಯನ್ನು ಮುಟ್ಟಲು ಯತ್ನಿಸಿತೆಂದು ಅರ್ಥ. ವ್ಯವಸ್ಥೆಯೇ ನಿಂತಿದ್ದರೆ ವಿಂಡೋಸ್ ಫೋಲ್ಡರಿನ ಮಿನಿಡಂಪ್ ಉಪಫೋಲ್ಡರಿನಲ್ಲಿ ಸಣ್ಣ ಕಡತವೊಂದು ಉಳಿದಿರುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿನ್‌ಡಿಬಿಜಿ ತಂತ್ರಾಂಶದಿಂದ ಅದನ್ನು ಬಿಡಿಸಿ ನೋಡಬಹುದು. ಟಿಡಿಆರ್ ನಡೆದು ವ್ಯವಸ್ಥೆ ಚೇತರಿಸಿಕೊಂಡಿದ್ದರೆ ಅದರ ಕಡತ ಲೈವ್‌ಕರ್ನೆಲ್‌ರಿಪೋರ್ಟ್ಸ್ ಎಂಬ ಫೋಲ್ಡರಿನ ವಾಚ್‌ಡಾಗ್ ಭಾಗದಲ್ಲಿ ಸಿಗುತ್ತದೆ.

ಈ ಹಂತದಲ್ಲಿ ಆಗುವ ತಪ್ಪು ತೀರ್ಮಾನವೇ ಮುಂದಿನ ಶ್ರಮವನ್ನೆಲ್ಲ ವ್ಯರ್ಥ ಮಾಡುತ್ತದೆ. ದಾಖಲೆಯಲ್ಲಿ ಡ್ರೈವರ್ ಕಡತದ ಹೆಸರಿರುವುದು ಘಟನೆ ನಡೆದ ಸ್ಥಳದಲ್ಲಿ ಒಬ್ಬರು ಇದ್ದರೆಂಬ ಸಾಕ್ಷ್ಯವಿದ್ದಂತೆ. ಅಪರಾಧ ಅವರದೇ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಆ್ಯಪ್ ಅಳಿಸಿಹೋದ ಸ್ಮೃತಿಯ ವಿಳಾಸವನ್ನು ಡ್ರೈವರ್‌ಗೆ ಕೊಟ್ಟರೆ ಬೀಳುವುದು ಡ್ರೈವರ್‌ನೊಳಗೆ. ಕೆಟ್ಟ ರ್‍ಯಾಮ್ ಒಂದು ಬಿಟ್ ತಿರುಗಿಸಿದರೂ ಅಷ್ಟೆ. 116ರ ನಿಲುಗಡೆಯಲ್ಲಿ ಎನ್‌ವಿಡಿಯಾ ಕಡತದ ಹೆಸರು ಕಾಣುವುದು ಎನ್‌ವಿಡಿಯಾ ಕಾರ್ಡು ಉತ್ತರಿಸಲಿಲ್ಲ ಎಂಬುದನ್ನಷ್ಟೆ ಹೇಳುತ್ತದೆ. ಏಕೆ ಉತ್ತರಿಸಲಿಲ್ಲ ಎಂಬುದನ್ನು ಬೇರೆಯಾಗಿ ಕಂಡುಹಿಡಿಯಬೇಕು.

ಆದ್ದರಿಂದ ನಾಲ್ಕನೆಯ ಹೆಜ್ಜೆಯಾಗಿ ಜಿಪಿಯು ಡ್ರೈವರನ್ನು ದಾರಿಯಿಂದ ಸರಿಸಿ ನೋಡಲಾಗುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಫೋಟೊಶಾಪ್‌ಗಳಲ್ಲಿ ಗ್ರಾಫಿಕ್ಸ್ ವೇಗವರ್ಧನೆಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯಿದೆ. ಆಟೊಕ್ಯಾಡ್‌ನಲ್ಲಿ ಗ್ರಾಫಿಕ್ಸ್‌ಕಾನ್ಫಿಗ್ ಆದೇಶದಿಂದ ಇದನ್ನು ಮಾಡಬಹುದು. ಇಡೀ ವ್ಯವಸ್ಥೆಯ ಮಟ್ಟದಲ್ಲಾದರೆ ಸೇಫ್ ಮೋಡ್‌ನಲ್ಲಿ ವಿಂಡೋಸ್ ತಯಾರಕರ ಡ್ರೈವರನ್ನು ಬಿಟ್ಟು ಮೈಕ್ರೋಸಾಫ್ಟಿನ ಮೂಲಭೂತ ಡಿಸ್‌ಪ್ಲೇ ಡ್ರೈವರನ್ನು ಬಳಸುತ್ತದೆ. ಆಗ ಕ್ರ್ಯಾಶ್ ನಿಂತರೆ ತಪ್ಪು ಗ್ರಾಫಿಕ್ಸ್ ಮಾರ್ಗದಲ್ಲಿದೆ ಎಂದಾಯಿತು. ಡ್ರೈವರ್ ಮತ್ತು ಜಿಪಿಯು ಇವೆರಡರಲ್ಲಿ ಯಾವುದು ಎಂಬುದು ಇನ್ನೂ ಉಳಿದಿರುತ್ತದೆ. ಅದನ್ನು ಬಿಡಿಸುವುದು ಐದನೆಯ ಹೆಜ್ಜೆ: ಮೊದಲು ಚೆನ್ನಾಗಿ ಓಡುತ್ತಿದ್ದ ಹಳೆಯ ಆವೃತ್ತಿಯನ್ನು ಮರಳಿ ಹಾಕುವುದು. ಹಳೆಯದರಲ್ಲಿ ಸರಿಯಾಗಿ, ಹೊಸದರಲ್ಲಿ ಮತ್ತೆ ಕೆಟ್ಟರೆ ಡ್ರೈವರ್ ದೋಷ ಖಚಿತ. ಬೇರೆ ಬೇರೆ ಆವೃತ್ತಿಗಳಲ್ಲೂ ಒಂದೇ ರೀತಿ ಬೀಳುತ್ತಿದ್ದರೆ ಹುಡುಕಾಟವನ್ನು ಯಂತ್ರಾಂಶದ ಕಡೆ ತಿರುಗಿಸಬೇಕು.

ಡ್ರೈವರ್ ದೋಷವೆಂದು ತೋರುವ ಬೇರೆ ಕಾರಣಗಳು

ಇತ್ತೀಚಿನ ವರ್ಷಗಳ ಅತಿ ಮುಖ್ಯ ನಿದರ್ಶನ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಸಿಪಿಯುಗಳದು. ಅನ್‌ರಿಯಲ್ ಎಂಜಿನ್ ಬಳಸುವ ಆಟಗಳು ವಿಡಿಯೊ ಸ್ಮೃತಿ ಸಾಲುತ್ತಿಲ್ಲ ಎಂಬ ಸಂದೇಶದೊಂದಿಗೆ ಬೀಳುತ್ತಿದ್ದವು. ಕಾರ್ಡಿನಲ್ಲಿ ಸ್ಮೃತಿ ಧಾರಾಳವಾಗಿದ್ದರೂ ಸಂದೇಶ ಬದಲಾಗುತ್ತಿರಲಿಲ್ಲ. ಬಳಕೆದಾರರು ಸಹಜವಾಗಿಯೇ ಗ್ರಾಫಿಕ್ಸ್ ಡ್ರೈವರುಗಳನ್ನು ಬದಲಾಯಿಸುತ್ತ ಹೋದರು. ಶೇಡರ್‌ಗಳನ್ನು ಸಿಪಿಯು ಬಿಚ್ಚುವಾಗ, ಕಂಪೈಲ್ ಮಾಡುವಾಗ ಲೆಕ್ಕ ತಪ್ಪುತ್ತಿತ್ತು ಎಂಬುದು ಕ್ರಮೇಣ ಗೊತ್ತಾಯಿತು. 2024ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಇಂಥ ತೊಂದರೆ ಇರುವವರು ಇಂಟೆಲ್‌ನ ನೆರವು ಕೇಳಬೇಕೆಂದು ತಿಳಿಸಿತು. ಹೆಚ್ಚಿನ ವೋಲ್ಟೇಜ್ ಮತ್ತು ಉಷ್ಣತೆಯಿಂದ ಚಿಪ್‌ನೊಳಗಿನ ಕ್ಲಾಕ್ ಸರ್ಕ್ಯೂಟ್ ಸವೆಯುತ್ತಿದ್ದುದು ಮೂಲ ಕಾರಣವೆಂದು ಇಂಟೆಲ್ ಪ್ರಕಟಿಸಿ, ಆಗಸ್ಟ್‌ನಲ್ಲಿ 129, ಸೆಪ್ಟೆಂಬರ್‌ನಲ್ಲಿ 12ಬಿ ಎಂಬ ಮೈಕ್ರೋಕೋಡ್‌ಗಳನ್ನು ಬಿಡುಗಡೆ ಮಾಡಿತು. ಆಗಲೇ ಸವೆದಿದ್ದ ಚಿಪ್‌ಗಳನ್ನು ಬದಲಾಯಿಸದೆ ದಾರಿಯಿರಲಿಲ್ಲ.

ಜಿಪಿಯು ಚಿಪ್ಪೇ ಕೆಟ್ಟ ಪ್ರಕರಣಗಳೂ ಇವೆ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಜಿಪಿಯುಗಳ ಪ್ಯಾಕೇಜಿಂಗ್ ವಸ್ತುವಿನಲ್ಲಿ ದೌರ್ಬಲ್ಯವಿದೆಯೆಂದು ಒಪ್ಪಿ, ದುರಸ್ತಿ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತು. 2011ರ ಕೆಲವು ಮ್ಯಾಕ್‌ಬುಕ್ ಪ್ರೊಗಳಲ್ಲೂ ಗ್ರಾಫಿಕ್ಸ್ ವಿಫಲತೆ ವ್ಯಾಪಕವಾಗಿ, 2015ರಲ್ಲಿ ಆ್ಯಪಲ್ ಉಚಿತ ದುರಸ್ತಿ ಯೋಜನೆ ಆರಂಭಿಸಿತು. ಇಂಥ ಯಂತ್ರಗಳಲ್ಲಿ ಡ್ರೈವರ್ ಬದಲಿಸುವುದರಿಂದ ಪ್ರಯೋಜನವಿಲ್ಲ.

ಉಳಿದ ಕಾರಣಗಳು ಹೆಚ್ಚು ಸಾಮಾನ್ಯವಾದವು. ವಿದ್ಯುತ್ ಪೂರೈಕೆ ಘಟಕದ ಸಾಮರ್ಥ್ಯ ಸಾಲದಿದ್ದರೆ ಹೊರೆ ಏರಿದ ಕ್ಷಣ ಕಾರ್ಡು ನಿಲ್ಲುತ್ತದೆ. ಓವರ್‌ಕ್ಲಾಕ್ ಮಾಡಿದ್ದರೆ, ಕಾರ್ಖಾನೆಯಲ್ಲೇ ಮಾಡಿದ್ದರೂ, ಮೊದಲು ಅದನ್ನು ಮೂಲ ವೇಗಕ್ಕೆ ಇಳಿಸಿ ನೋಡಬೇಕು. ಧೂಳು ತುಂಬಿದ ಫ್ಯಾನು, ಒಣಗಿದ ಥರ್ಮಲ್ ಪೇಸ್ಟು ಉಷ್ಣತೆ ಏರಿಸುತ್ತವೆ; ಕಲಬುರಗಿ, ರಾಯಚೂರುಗಳಂತೆ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಲ್ಲಿ ಕೊಠಡಿಯ ಬಿಸಿಯೂ ಅದಕ್ಕೆ ಸೇರುತ್ತದೆ. ರ್‍ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಬಳಕೆಯಲ್ಲಿದೆ. ಆಟದ ಮೇಲೆ ಅಂಕಿಅಂಶ ತೋರಿಸುವ ಓವರ್‌ಲೇ ತಂತ್ರಾಂಶಗಳು ಡ್ರೈವರ್ ಮತ್ತು ಆ್ಯಪ್ ನಡುವೆ ತೂರಿಕೊಳ್ಳುವುದರಿಂದ ಪತ್ತೆಯ ವೇಳೆ ಅವನ್ನು ಮುಚ್ಚಿರಬೇಕು. ಅನುಮಾನ ಉಳಿದರೆ ಕಾರ್ಡನ್ನು ಬೇರೆ ಯಂತ್ರದಲ್ಲಿ ಹಾಕಿ ನೋಡುವುದೇ ಅತ್ಯಂತ ಖಚಿತವಾದ ಪರೀಕ್ಷೆ.

ಪರಿಹಾರ

ಪರದೆ ಸಿಕ್ಕಿಕೊಂಡ ತಕ್ಷಣಕ್ಕೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಮರುಚಾಲನೆಗೊಳ್ಳುತ್ತದೆ. ತೆರೆದ ಕೆಲಸವನ್ನು ಉಳಿಸಿಕೊಳ್ಳಲು ಕೆಲವೊಮ್ಮೆ ಅಷ್ಟೇ ಸಾಕು. ಇತ್ತೀಚಿನ ನವೀಕರಣದಿಂದ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನ ಡ್ರೈವರ್ ಪುಟದಲ್ಲಿರುವ ರೋಲ್ ಬ್ಯಾಕ್ ಗುಂಡಿಯಿಂದ ಹಿಂದಿನ ಆವೃತ್ತಿಗೆ ಮರಳಬಹುದು. ಕಡತಗಳು ಬೆರೆತಿರುವ ಅನುಮಾನವಿದ್ದರೆ ತಯಾರಕರ ಅನುಸ್ಥಾಪಕದಲ್ಲಿರುವ ಶುದ್ಧ ಅನುಸ್ಥಾಪನೆಯ ಆಯ್ಕೆ ಬಳಸಬೇಕು. ಅದೂ ಸಾಲದಿದ್ದರೆ ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಹಳೆಯದನ್ನು ಬೇರುಸಹಿತ ತೆಗೆದು ಹೊಸದನ್ನು ಹಾಕುವುದು ರೂಢಿ. ಈ ಕೆಲಸ ಮಾಡುವಾಗ ಇಂಟರ್‌ನೆಟ್ ಸಂಪರ್ಕ ಕಡಿದಿರಬೇಕು. ಇಲ್ಲವಾದರೆ ವಿಂಡೋಸ್ ಅಪ್‌ಡೇಟ್ ನಡುವೆ ತನ್ನ ಆವೃತ್ತಿಯನ್ನು ತಂದು ಹಾಕುತ್ತದೆ.

ಡ್ರೈವರನ್ನು ಚಿಪ್ ತಯಾರಕರ ಅಥವಾ ಲ್ಯಾಪ್‌ಟಾಪ್ ತಯಾರಕರ ಅಧಿಕೃತ ತಾಣದಿಂದ ಮಾತ್ರ ಪಡೆಯಬೇಕು. ಎರಡು ಜಿಪಿಯುಗಳ ನಡುವೆ ಕೆಲಸ ಹಂಚುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ ಆವೃತ್ತಿ ತೊಂದರೆ ಕೊಟ್ಟರೆ ಲ್ಯಾಪ್‌ಟಾಪ್ ತಯಾರಕರದನ್ನು ಪ್ರಯತ್ನಿಸಬೇಕು. ಎಲ್ಲ ಡ್ರೈವರುಗಳನ್ನೂ ತಾನೇ ನವೀಕರಿಸುವುದಾಗಿ ಹೇಳಿಕೊಳ್ಳುವ ಮೂರನೆಯವರ ತಂತ್ರಾಂಶಗಳು ಹೊಂದದ ಆವೃತ್ತಿ ಹಾಕಬಹುದು, ಕೆಲವು ಅನಗತ್ಯ ತಂತ್ರಾಂಶಗಳನ್ನೂ ಜೊತೆಗೆ ತರುತ್ತವೆ. ಅವುಗಳ ಅಗತ್ಯ ಯಾರಿಗೂ ಇಲ್ಲ.

ಟಿಡಿಆರ್‌ನ 2 ಸೆಕೆಂಡುಗಳ ಮಿತಿಯನ್ನು ರಿಜಿಸ್ಟ್ರಿಯ ಟಿಡಿಆರ್‌ಡಿಲೇ ಮೌಲ್ಯದಿಂದ ಹೆಚ್ಚಿಸಬಹುದು. ದೊಡ್ಡ ಲೆಕ್ಕವನ್ನು ಒಂದೇ ಉಸಿರಿಗೆ ಜಿಪಿಯುಗೆ ಒಪ್ಪಿಸುವ ತಂತ್ರಾಂಶಗಳಿಗೆ ಇದು ನ್ಯಾಯವಾದ ಪರಿಹಾರ. ಮೂರು ಆಯಾಮದ ಮಾದರಿಗಳಿಗೆ ಬಣ್ಣ ಹಚ್ಚುವ ಸಬ್‌ಸ್ಟೆನ್ಸ್ ತ್ರೀಡಿ ಪೇಂಟರ್‌ನ ಕೈಪಿಡಿ ಇದನ್ನೇ ಸೂಚಿಸುತ್ತದೆ. ಆಟಗಳಲ್ಲಿ ಜಿಪಿಯು ನಿಜವಾಗಿ ಸಿಕ್ಕಿಕೊಂಡಾಗ ಮಿತಿ ಹೆಚ್ಚಿಸಿದರೆ ಸ್ತಬ್ಧ ಪರದೆಯನ್ನು ಇನ್ನಷ್ಟು ಹೊತ್ತು ನೋಡುವುದಷ್ಟೇ ಫಲ.

ಇತರ ಆಪರೇಟಿಂಗ್ ಸಿಸ್ಟಂಗಳು

ಲಿನಕ್ಸ್‌ನಲ್ಲೂ ಡ್ರೈವರ್ ಎರಡು ಭಾಗವಾಗಿಯೇ ಇದೆ. ಕರ್ನೆಲ್ ಭಾಗ ಡಿಆರ್‌ಎಂ ಉಪವ್ಯವಸ್ಥೆಯಲ್ಲಿ ನಡೆಯುತ್ತದೆ. ಬಳಕೆದಾರ ಭಾಗವಾಗಿ, 1993ರಲ್ಲಿ ಬ್ರಯಾನ್ ಪಾಲ್ ಆರಂಭಿಸಿದ ಮೆಸಾ ಇದೆ. ಎಎಂಡಿ ಮತ್ತು ಇಂಟೆಲ್ ಡ್ರೈವರುಗಳು ಮುಕ್ತ ಆಕರದವು. ಎನ್‌ವಿಡಿಯಾ ತನ್ನ ಕರ್ನೆಲ್ ಭಾಗದ ಆಕರವನ್ನು 2022ರ ಮೇ ತಿಂಗಳಲ್ಲಿ ಪ್ರಕಟಿಸಿತು. ದಾಖಲೆಗಳನ್ನು ಡಿಮೆಸೇಜ್ ಅಥವಾ ಜರ್ನಲ್‌ಸಿಟಿಎಲ್ ಆದೇಶದಿಂದ ಓದಬೇಕು. ಎನ್‌ವಿಡಿಯಾ ದೋಷಗಳು ಎಕ್ಸ್‌ಐಡಿ ಎಂಬ ಸಂಖ್ಯೆಯೊಂದಿಗೆ ಬರುತ್ತವೆ: 31 ಎಂದರೆ ಜಿಪಿಯು ಸ್ಮೃತಿಯ ತಪ್ಪು ವಿಳಾಸ, ಸಾಮಾನ್ಯವಾಗಿ ಆ್ಯಪ್‌ನ ಲೋಪ; 48 ಎಂದರೆ ಸರಿಪಡಿಸಲಾಗದ ಸ್ಮೃತಿ ದೋಷ; 79 ಎಂದರೆ ಕಾರ್ಡು ಬಸ್ ಸಂಪರ್ಕದಿಂದಲೇ ಕಳಚಿಕೊಂಡಿತು, ಇದು ಹೆಚ್ಚಾಗಿ ವಿದ್ಯುತ್ ಅಥವಾ ಯಂತ್ರಾಂಶದ ತೊಂದರೆ. ವಿಂಡೋಸ್‌ನ ಮಸುಕಾದ ಸಂದೇಶಗಳಿಗೆ ಹೋಲಿಸಿದರೆ ಈ ಸಂಖ್ಯೆಗಳು ಬಹಳ ಸ್ಪಷ್ಟ. ಪರದೆಯೇ ಬಾರದಿದ್ದಾಗ ಬೂಟ್ ಸಾಲಿಗೆ ನೊಮೋಡ್‌ಸೆಟ್ ಎಂದು ಸೇರಿಸಿದರೆ ವ್ಯವಸ್ಥೆ ಸರಳ ಪ್ರದರ್ಶನದಲ್ಲಿ ಏಳುತ್ತದೆ.

ಮ್ಯಾಕ್‌ನಲ್ಲಿ ಡ್ರೈವರುಗಳು ಆಪರೇಟಿಂಗ್ ಸಿಸ್ಟಮ್ಮಿನ ಭಾಗವಾಗಿಯೇ ಬರುವುದರಿಂದ ಬಳಕೆದಾರರ ಕೈಯಲ್ಲಿ ಹೆಚ್ಚಿನದೇನೂ ಇಲ್ಲ. ಆಂಡ್ರಾಯ್ಡ್ ಫೋನುಗಳಲ್ಲೂ ಬಹುಕಾಲ ಇದೇ ಸ್ಥಿತಿಯಿತ್ತು. ಆಂಡ್ರಾಯ್ಡ್ 10ರಿಂದ ಜಿಪಿಯು ಡ್ರೈವರನ್ನು ಪ್ರತ್ಯೇಕವಾಗಿ ನವೀಕರಿಸುವ ಅವಕಾಶ ಒದಗಿತು.

ತಯಾರಕರ ಮತ್ತು ಡೆವಲಪರ್‌ಗಳ ಕ್ರಮಗಳು

ಡ್ರೈವರ್ ದೋಷ ಇದ್ದೇ ಇರುತ್ತದೆಂದು ಭಾವಿಸಿಯೇ ಬ್ರೌಸರ್ ತಯಾರಕರು ತಮ್ಮ ತಂತ್ರಾಂಶವನ್ನು ಕಟ್ಟುತ್ತಾರೆ. 2011ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 4ರಿಂದ ದೋಷಪೂರಿತ ಡ್ರೈವರ್ ಆವೃತ್ತಿಗಳ ತಡೆಪಟ್ಟಿ ಇದೆ. ಆ ಪಟ್ಟಿಯಲ್ಲಿದ್ದರೆ ವೇಗವರ್ಧನೆ ತಾನಾಗಿ ಆರುತ್ತದೆ. ಕ್ರೋಮ್ ಜಿಪಿಯು ಕೆಲಸವನ್ನು ಪ್ರತ್ಯೇಕ ಪ್ರಕ್ರಿಯೆಯಲ್ಲಿ ಇಟ್ಟಿರುವುದರಿಂದ ಡ್ರೈವರ್ ಬಿದ್ದರೂ ತೆರೆದ ಪುಟಗಳು ಉಳಿಯುತ್ತವೆ. ಈ ಎಚ್ಚರಕ್ಕೆ ಭದ್ರತೆಯ ಕಾರಣವೂ ಇದೆ: ಬ್ರೌಸರ್‌ನಲ್ಲಿ ಮೂರು ಆಯಾಮದ ಚಿತ್ರ ಬಿಡಿಸಲು ಇರುವ ವೆಬ್‌ಜಿಎಲ್ ಮೂಲಕ ಅಪರಿಚಿತ ಪುಟವೊಂದು ಕರ್ನೆಲ್ ಡ್ರೈವರ್‌ನ ಬಾಗಿಲವರೆಗೆ ಬರಬಲ್ಲದು. 2011ರ ಜೂನ್‌ನಲ್ಲಿ ಇದೇ ಕಾರಣ ಮುಂದಿಟ್ಟು ವೆಬ್‌ಜಿಎಲ್ ಅಪಾಯಕಾರಿ ಎಂದಿದ್ದ ಮೈಕ್ರೋಸಾಫ್ಟ್, 2013ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ರಲ್ಲಿ ಅದನ್ನು ಅಳವಡಿಸಿಕೊಂಡಿತು.

ಶೇಡರ್ ಕಂಪೈಲರ್‌ಗಳ ಪರೀಕ್ಷೆಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗ್ರಾಫಿಕ್ಸ್‌ಫಜ್ ದೊಡ್ಡ ಹೆಜ್ಜೆ. ಒಂದೇ ಅರ್ಥ ಕೊಡುವ ಶೇಡರ್‌ಗಳನ್ನು ನೂರಾರು ರೂಪಗಳಲ್ಲಿ ಬರೆದು ಚಿತ್ರ ಬದಲಾಗುತ್ತದೆಯೇ ಎಂದು ನೋಡುವುದು ಅದರ ವಿಧಾನ. ಬದಲಾದರೆ ಕಂಪೈಲರ್ ತಪ್ಪಿದೆ. ಪ್ರಮುಖ ತಯಾರಕರೆಲ್ಲರ ಡ್ರೈವರುಗಳಲ್ಲೂ ಅದು ದೋಷಗಳನ್ನು ಹೊರಗೆಳೆಯಿತು. 2018ರಲ್ಲಿ ಗೂಗಲ್ ಅದನ್ನು ಕೊಂಡು ಆಂಡ್ರಾಯ್ಡ್ ಪರೀಕ್ಷೆಗೆ ಬಳಸಿತು. ಕ್ರ್ಯಾಶ್ ಆದ ಕ್ಷಣ ಜಿಪಿಯು ಏನು ಮಾಡುತ್ತಿತ್ತು ಎಂಬುದನ್ನು ಡೆವಲಪರ್‌ಗಳಿಗೆ ತೋರಿಸಲು ಮೈಕ್ರೋಸಾಫ್ಟಿನ ಡಿಆರ್‌ಇಡಿ, ಎನ್‌ವಿಡಿಯಾದ ಆಫ್ಟರ್‌ಮ್ಯಾಥ್, ಎಎಂಡಿಯ ರೇಡಿಯಾನ್ ಜಿಪಿಯು ಡಿಟೆಕ್ಟಿವ್ ಎಂಬ ಸಾಧನಗಳಿವೆ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿದ್ದು, ಗ್ರಾಫಿಕ್ಸ್ ತಂತ್ರಾಂಶದ ಕೆಲಸ ಅಲ್ಲಿಯೂ ನಡೆಯುತ್ತದೆ.

ಇಂದಿನ ಸ್ಥಿತಿ

2016ರ ಫೆಬ್ರುವರಿಯಲ್ಲಿ ಬಂದ ವಲ್ಕನ್ ಮತ್ತು 2015ರ ಡೈರೆಕ್ಟ್‌ಎಕ್ಸ್ 12 ಡ್ರೈವರ್‌ನ ಅನೇಕ ಹೊಣೆಗಳನ್ನು ಆ್ಯಪ್‌ಗೆ ದಾಟಿಸಿವೆ. ಡ್ರೈವರ್ ಹಗುರವಾಯಿತು, ಆದರೆ ಸ್ಮೃತಿ ಮತ್ತು ಸರದಿಯ ತಪ್ಪುಗಳನ್ನು ಈಗ ಆಟ ಬರೆಯುವವರೇ ಮಾಡುತ್ತಾರೆ, ಅವು ಹೊರಗೆ ಕಾಣುವುದು ಮಾತ್ರ ಅದೇ ಹಳೆಯ ಸಾಧನ ಕಳೆದುಹೋದ ಸಂದೇಶವಾಗಿ. ಹಳೆಯ ಆಟಗಳಿಗೆ ವಿರುದ್ಧ ದಿಕ್ಕಿನ ಸಮಸ್ಯೆ ಇದೆ. 2022ರಲ್ಲಿ ಆರ್ಕ್ ಕಾರ್ಡುಗಳನ್ನು ತಂದ ಇಂಟೆಲ್, ಡೈರೆಕ್ಟ್‌ಎಕ್ಸ್ 9ರ ಆಟಗಳನ್ನು 12ಕ್ಕೆ ಅನುವಾದಿಸುವ ಪದರದ ಮೇಲೆ ಅವಲಂಬಿಸಿ, ವೇಗ ಮತ್ತು ಸ್ಥಿರತೆ ಎರಡರಲ್ಲೂ ತೊಂದರೆಗೊಳಗಾಯಿತು. ನಂತರದ ಆವೃತ್ತಿಗಳಲ್ಲಿ ಬಹಳಷ್ಟು ಸುಧಾರಿಸಿತು.

ಹಳೆಯ ಕಾರ್ಡುಗಳಿಗೆ ಬೆಂಬಲ ಕೊನೆಗೊಳ್ಳುತ್ತಿರುವುದೂ ಗಮನಿಸಬೇಕಾದ ವಿಷಯ. ತನ್ನ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ 580 ಶ್ರೇಣಿಯ ಡ್ರೈವರೇ ಕೊನೆಯದೆಂದು ಎನ್‌ವಿಡಿಯಾ 2025ರಲ್ಲಿ ಪ್ರಕಟಿಸಿತು. ಭದ್ರತಾ ತಿದ್ದುಪಡಿಗಳು ಇನ್ನು ಕೆಲವು ವರ್ಷ ಬರುತ್ತವೆ, ಹೊಸ ಆಟಗಳಿಗೆ ಬೇಕಾದ ತಿದ್ದುಪಡಿಗಳು ಬರುವುದಿಲ್ಲ.

ಲಿನಕ್ಸ್ ಕರ್ನೆಲ್‌ನಲ್ಲಿ ಸ್ಮೃತಿಯ ತಪ್ಪುಗಳನ್ನು ಭಾಷೆಯ ಮಟ್ಟದಲ್ಲೇ ತಡೆಯುವ ರಸ್ಟ್ ಬಳಸಿ ಡ್ರೈವರ್ ಬರೆಯುವ ಕೆಲಸ ನಡೆದಿದೆ. ಎನ್‌ವಿಡಿಯಾ ಚಿಪ್‌ಗಳಿಗಾಗಿ ನೋವಾ ಎಂಬ ಡ್ರೈವರ್‌ನ ಆರಂಭಿಕ ಭಾಗ 2025ರ ಲಿನಕ್ಸ್ 6.15ರಲ್ಲಿ ಸೇರಿತು. ಇನ್ನೊಂದೆಡೆ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಲ್ಲಿ ಮೇಲೆ ಹೇಳಿದ ದೋಷ ಪತ್ತೆ ಕಾರ್ಯವೇ ಸಾವಿರಾರು ಜಿಪಿಯುಗಳ ಮಟ್ಟದಲ್ಲಿ ನಡೆಯುತ್ತದೆ. ಮೆಟಾ ಕಂಪನಿ 2024ರಲ್ಲಿ ಪ್ರಕಟಿಸಿದ ವರದಿಯಂತೆ, 16,384 ಜಿಪಿಯುಗಳ ಮೇಲೆ ಲಾಮಾ 3 ಮಾದರಿಗೆ ತರಬೇತಿ ನೀಡಿದ 54 ದಿನಗಳ ಅವಧಿಯಲ್ಲಿ 419 ಅನಿರೀಕ್ಷಿತ ತಡೆಗಳಾದವು. ಅವುಗಳಲ್ಲಿ ಸುಮಾರು ಶೇ 78ರಷ್ಟು ಯಂತ್ರಾಂಶದ ದೋಷವೆಂದು ದೃಢಪಟ್ಟಿದ್ದವು ಅಥವಾ ಹಾಗೆಂದು ಶಂಕಿಸಲಾಗಿತ್ತು.